ಹಸಿಗೂಟದ ತಿಟ್ಟು

"ಈ ಸಲ ಒಂದಕ್ಷರನೂ ಸುಳ್ಳಲ್ಲ ಕಣೆ ಮಗಾ, ಬೇಕಾದ್ರೆ ಕೆರೆ ನೀರು ಮುಟ್ಟಿ ಹೇಳ್ತೀನಿ" ಅಂತ ದೋಣಿ ನಡೆಸೋ ಅಜ್ಜ ಬಗ್ಗಿ ನೀರು ಮುಟ್ಟಿಯೇಬಿಟ್ಟ. ಎದುರು ಕೂತ ಮೊಮ್ಮಗಳು ನಾಯೆಲಿಗೆ ಕೈ ಚಾಚಿ ತೋರಿಸಿದ. "ಅಗೋ, ಕೆರೆ ನಡುವೆ ನಾಲ್ಕೂ ಕಡೆ ಮರ ನಿಲ್ಲಿಸ್ಕೊಂಡು ಕೂತಿದ್ಯಲ್ಲ ತೋಟ, ಮುಸುಕಿನ ಜೋಳ, ಚೆಂಡುಹೂವು ಬೆಳೆದಿರೋದು, ಅದೇ ಹಸಿಗೂಟದ ತಿಟ್ಟು. ಮೆಕ್ಸಿಕೋ ನೋಡೋಕೆ ಬಂದೋರೆಲ್ಲ ಕೇಳ್ತಾರೆ, ಇದೆಂಥಾ ಹೆಸರು ಅಂತ.

"ಹಿಂದೆ ಒಮ್ಮೆ, ಆಸ್ಟೆಕ್ ದೊರೆಗಳ ಕಾಲದಲ್ಲಿ, ಇಲ್ಲಿ ಕಾಲೂರೋಕೆ ಒಣ ನೆಲ ಇರ್ಲಿಲ್ಲವಂತೆ. ಕಬ್ಬಿಣದ ಗುದ್ದಲಿ ಇಲ್ಲ, ಗಾಡಿ ಇಲ್ಲ, ಎತ್ತಿಲ್ಲ, ಕುದುರೆ ಅಂದ್ರೇನೂಂತ್ಲೇ ಯಾರಿಗೂ ಗೊತ್ತಿಲ್ಲ. ಜನ ಕೆರೆಯೊಳಗೆ ಗೂಟ ಬಡಿದು, ಗೂಟಕ್ಕೆ ಜೊಂಡು ಹೆಣೆದು, ತಳದ ಕೆಸರು ಬಾಚಿ ತುಂಬಿ, ನೆಲವನ್ನೇ ಹುಟ್ಟಿಸ್ಕೊಳ್ತಿದ್ರು. ತೇಯಿಕು ಅನ್ನೋ ಹೆಣ್ಣುಮಗಳಿಗೆ ಗಂಡ ಸತ್ತ ಮೇಲೆ ಉಳಿದದ್ದು ಕೆರೆಯಲ್ಲಿ ಇಷ್ಟಗಲ ನೀರಿನ ಜಾಗ, ಒಬ್ಬಳು ಅತ್ತೆ. 'ಮಳೆಗಾಲ ಕಳೆದ ಮೇಲೂ ನೀನು ಕಟ್ಟಿದ ತಿಟ್ಟು ನಿಂತಿದ್ರೆ ಜಾಗ ನಿಂದು, ಇಲ್ಲಾಂದ್ರೆ ಬೇರೆಯೋರದು' ಅಂದುಬಿಟ್ಟ ದೊರೆ ಕಡೆಯ ಪಾರುಪತ್ಯಗಾರ. ಮನೆ ಕಂಬ ಒಣಗಿಸೋ ಹಾಗೆ ಎಲ್ಲರೂ ಗೂಟಾನೂ ಬಿಸಿಲಲ್ಲಿ ಒಣಗಿಸಿಯೇ ಹೊಡೀತಿದ್ರು. ಇವಳಿಗೆ ಅಷ್ಟು ಪುರುಸೊತ್ತೆಲ್ಲಿ? ಮೋಡ ಆಗ್ಲೇ ಬೆಟ್ಟದ ನೆತ್ತಿ ಮೇಲೆ! ಕಲ್ಲುಕೊಡಲಿ ಹಿಡ್ಕೊಂಡು ದಡದ ಮರದಿಂದ ಹಸಿ ಕೊಂಬೆ ಕಡಿದು ತಂದು ಹಾಗೇ ಬಡಿದ್ಳು.

"'ಅಯ್ಯೋ ಮನೆಹಾಳಿ, ಹಸಿ ಗೂಟ ಕೊಳೀದೆ ಇರ್ತದೇನೇ? ಮೀನೂ ನಗ್ತಾವೆ!' ಅಂದ್ಳು ಅತ್ತೆ.

"'ನಗ್ಲಿ ಬಿಡಿ ಅತ್ತೆ. ನೀವು ಕೆಸರು ಕೊಡಿ.' ಬಾಯಲ್ಲಿ ಹಾಗಂದ್ರೂ ಅವಳಿಗೂ ಒಳಗೊಳಗೇ ಪುಕಪುಕ. ಈ ಮುದುಕೀನ ಕಟ್ಕೊಂಡು ನಾಳೆ ಎಲ್ಲಿಗೆ ಹೋಗೋದು?

"ಮಳೆ ಹುಯ್ತು ನೋಡು, ಕೆರೆ ಉಕ್ಕಿ ಮೋಡದ ಹೊಟ್ಟೆ ತೊಳೀತಂತೆ! ಒಣಗೂಟಗಳೆಲ್ಲ ಮುದುಕನ ಹಲ್ಲಿನ ಹಾಗೆ ಕಿತ್ಕೊಂಡು ತೇಲಿಹೋದ್ವು. ನೀರಿಳಿದ ದಿನ ತೇಯಿಕು ದೋಣಿಯಲ್ಲಿ ಕಣ್ಮುಚ್ಚಿ ಕೂತಿದ್ಳು. ಅತ್ತೆ ತಿವಿದ್ಳು: 'ಕಣ್ಣು ಬಿಡೇ!' ತಿಟ್ಟು ಅಲ್ಲೇ ಇತ್ತು. ಒಂದೊಂದು ಗೂಟದ ನೆತ್ತಿಯಲ್ಲೂ ಚಿಗುರು. ಕೆಳಗೆ ಬೇರು ಕೆಸರನ್ನ ಮುಷ್ಟಿಯಲ್ಲಿ ಹಿಡಿದಿತ್ತು. ತಿಟ್ಟು ಕಳ್ಕೊಂಡೋರಿಗೆಲ್ಲ ಅವಳೇ ಕೊಂಬೆ ಕಡಿದು ಹಂಚಿದ್ಳು, ಅತ್ತೆ ಕೂತ್ಕೊಂಡು ಬಡಿಯೋದು ಕಲಿಸಿದ್ಳು ಅಂತಾರೆ.

"ಆ ಮರಗಳ ಮರಿಗಳೇ ಈಗ್ಲೂ ಸಾಲಾಗಿ ನಿಂತಿರೋದು. ಆ ಮೂಲೇಲಿ ಅಂಗೈಯಗಲದ ಗುಳಿ ಕಾಣ್ತದಾ? ಜಾಗ ಕಸಿಯೋಕೆ ಬಂದ ಪಾರುಪತ್ಯಗಾರ ಚಿಗುರು ಕಂಡು ನಾಚಿ ಗಿರಕ್ಕಂತ ತಿರುಗ್ಸಿದ್ನಲ್ಲ, ಅವನ ಕುದುರೆ ಗೊರಸಿನ ಗುರುತು ಅದು."

"ಅಜ್ಜಾ," ಅಂದ್ಳು ನಾಯೆಲಿ, "ಕುದುರೆ ಅಂದ್ರೇನೂಂತ್ಲೇ ಗೊತ್ತಿರ್ಲಿಲ್ಲ ಅಂದ್ಯಲ್ಲ, ಅದೇನು ಮೀನಿನ ಬೆನ್ನೇರಿ ಬಂತಾ?"