ಬಾಗಿಲಲ್ಲಿ ಎರಡು ಜೊತೆ

ಹುಬ್ಬಳ್ಳಿಯ ಪಂಪ್ ಕಂಪನಿಯ ಗುಮಾಸ್ತನೊಬ್ಬ ಕೆಲಸದ ಮೇಲೆ ಹನೋಯ್‌ಗೆ ಬಂದು ತಿಂಗಳಾಗಿತ್ತು. ಇಳಿದುಕೊಂಡದ್ದು ಅಜ್ಜಿಯೊಬ್ಬಳು ನಡೆಸುವ ಅಗ್ಗದ ವಸತಿಮನೆಯಲ್ಲಿ. ಬೇರೆ ಗಿರಾಕಿಗಳಿರಲಿಲ್ಲ. ಅವಳ ಮಾತು ಇವನಿಗೆ ಬಾರದು, ಇವನದು ಅವಳಿಗೆ ಬಾರದು. ದಿನಾ ಒಬ್ಬನೇ ಉಣ್ಣುತ್ತಿದ್ದ.

ಒಂದು ದಿನ ಮ್ಯಾನೇಜರ್ ಪಟ್ಟಣಶೆಟ್ಟರು ಬಂದಿಳಿದರು. ಪಾದರಕ್ಷೆ ಬಾಗಿಲಲ್ಲೇ ಬಿಡುವುದು ಆ ಮನೆಯ ಪದ್ಧತಿ ಎಂದು ತಿಳಿದದ್ದೇ ಹೊಸ್ತಿಲಲ್ಲೇ ಗುಡುಗಿದರು: "ಏ, ನಾ ಬೂಟ್ ಕಳಿಯಾಂವಲ್ಲ. ಆ ಮುದುಕಿನ್ನ ನೀನ ಒಪ್ಪಸು. ಇಲ್ಲಾಂದ್ರ ನಿನ್ನ ನೌಕರಿ ಹೋತು ಅಂತ ತಿಳಿ."

"ಆತ್ರಿ ಸಾಹೇಬ್ರ," ಅಂದ ಗುಮಾಸ್ತ. ಅಜ್ಜಿಗೆ ಮಾತ್ರ ಏನೂ ಹೇಳಲಿಲ್ಲ. ಶೆಟ್ಟರು ಬೂಟುಗಾಲಲ್ಲೇ ಟಕಟಕ ಮೆಟ್ಟಿಲೇರಿದರು.

ಸಂಜೆ ಇಬ್ಬರೂ ಊಟಕ್ಕೆ ಕೂತರು. ಅಡುಗೆಮನೆಯ ಕಿಂಡಿಯಿಂದ ಬಂದದ್ದು ಒಂದೇ ತಾಟು.

"ನಂದೆಲ್ಲೈತಿ?"

"ಅಜ್ಜಿ ಬಾಗಲದಾಗಿನ ಚಪ್ಪಲಿ ನೋಡಿ ತಾಟು ಕಳಸ್ತಾಳ್ರಿ. ಆಕಿ ಲೆಕ್ಕದಾಗ ನೀವಿನ್ನೂ ಮನಿಗೇ ಬಂದಿಲ್ರಿ."

ಹುರಿದ ಬದನೆಕಾಯಿ ಘಮಘಮ ಅನ್ನುತ್ತಿತ್ತು. ಶೆಟ್ಟರು ತಾಟು ನೋಡಿದರು, ಗುಮಾಸ್ತನನ್ನು ನೋಡಿದರು, ಎದ್ದುಹೋಗಿ ಬೂಟು ಕಳಚಿಟ್ಟು ಬಂದರು. ಎರಡನೇ ತಾಟೂ ಬಂತು.

ಮೂರು ದಿನ ಇಬ್ಬರೂ ಎದುರುಬದುರು ಕೂತು ಉಂಡರು. ಶೆಟ್ಟರು ಊಟದುದ್ದಕ್ಕೂ ಬೈಯುತ್ತಿದ್ದರು. ಬೈಗುಳವಾದರೂ ಕನ್ನಡದಲ್ಲಿತ್ತಲ್ಲ, ಗುಮಾಸ್ತನಿಗೆ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು. ಆಮೇಲೆ ಅವರು ಊರಿಗೆ ಹೊರಟುಹೋದರು.

ಮರುದಿನ ಸಂಜೆಯೂ ಕಿಂಡಿಯಿಂದ ಎರಡು ತಾಟು ಬಂದವು. ಗುಮಾಸ್ತ ತನ್ನ ಬಚ್ಚಲ ಚಪ್ಪಲಿಯನ್ನೂ ತಂದು ಬಾಗಿಲಲ್ಲಿಟ್ಟಿದ್ದ.

ಅಜ್ಜಿ ಹೊರಗೆ ಬಂದಳು. ಖಾಲಿ ಕುರ್ಚಿ ನೋಡಿದಳು, ಬಾಗಿಲ ಕಡೆ ನೋಡಿದಳು. ಎರಡನೇ ತಾಟಿನ ಮುಂದೆ ಕೂತು ಉಣ್ಣತೊಡಗಿದಳು.