ಗುರ್ಯಾ ವೆಬ್ಬಿಗೆ ಹಾಕಿದ ಕೌದಿ

ಹೂಂಗುಟ್ಟುವವರು ನಿದ್ದೆ ಮಾಡಬಾರದು, ಹಾಗಿದ್ದರೆ ಹೇಳುತ್ತೇನೆ. ದ್ಯಾಮವ್ವ ಅಂತ ಒಬ್ಬಳು, ಹಳೆ ಸೀರೆ ತುಂಡು ಕೂಡಿಸಿ ಕೌದಿ ಹೊಲಿಯುವವಳು. ಅವಳಿಗೊಬ್ಬ ಮಗ, ಗುರ್ಯಾ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ, ಅದೇ ಅವಳ ಕರ್ಮ! ದ್ಯಾಮವ್ವನ ಕಣ್ಣು ಮಂಜಾಗುತ್ತಿತ್ತು. ಆಗಷ್ಟೇ ಹೊಲಿದು ಮುಗಿಸಿದ ಕೌದಿ ಮಾರಿದರೆ ಕನ್ನಡಕ ಬರುತ್ತದೆ, ಇಲ್ಲದಿದ್ದರೆ ಸೂಜಿ ಹಿಡಿಯುವುದು ಅಲ್ಲಿಗೆ ಮುಗಿಯಿತು.

"ಮೊಬೈಲದಾಗ ವಿಡಿಯೋ ಮಾಡಿ ವೆಬ್ಬಿಗೆ ಹಾಕೋ. ಯಾರರ ನೋಡಿ ಬರ್ತಾರ!" ಅಂದಳು ಮಗನಿಗೆ.

ಗುರ್ಯಾ ಅಂಗಳದಲ್ಲಿ ಕೌದಿ ಹಾಸಿ ವಿಡಿಯೋ ತೆಗೆದ. ಎಳೆಬಿಸಿಲಲ್ಲಿ ಕೆಂಪು ತುಂಡು, ಹಳದಿ ತುಂಡು ತೇಲಿದವು, ಅವನೂ ತೇಲಿದ. ತೇಲುತ್ತಲೇ ಹಾಡು ಕೂಡಿಸಿ ಗೆಳೆಯನ ಮೊಬೈಲಿಗೆ ಕಳಿಸಿದ, ಅವನಿಂದ ಮಾವನ ಮೊಬೈಲಿಗೆ ಹೋಯಿತು, ಅಲ್ಲಿಂದ ತಿರುಗಿ ತರಿಸಿಕೊಂಡು ವೆಬ್ಬಿಗೆ ಹಾಕಿದ. ಓಣಿಯವರು ಆ ಮಸುಕು ಮಸುಕು ಚಿತ್ರ ನೋಡಿ, "ಇದೇನು, ಕಲಸಿದ ಅನ್ನ ಏನು?" ಅಂದರು.

"ಅಯ್ಯ ಖೋಡಿ! ಕೈಯಿಂದ ಕೈಗೆ ಹೋದ್ರ ಸವೀತದಂತ! ಸ್ಟುಡಿಯೋದ ಫಕೀರಪ್ಪ ಹೇಳ್ಯಾನ, ತೆಗೆದಾಗ ಹೆಂಗಿತ್ತೋ ಹಂಗ ಇಡು, ಚೂರೂ ಕಮ್ಮಿ ಮಾಡಬ್ಯಾಡ!"

"ಆತವ್ವಾ, ಚೂರೂ ಕಮ್ಮಿ ಮಾಡಂಗಿಲ್ಲ!"

ಮಾಡಲಿಲ್ಲ. ಕೋಳಿ ಓಡಿದ್ದು, ಅವ್ವ ಕೆಮ್ಮಿದ್ದು, ತನ್ನ ಹೆಬ್ಬೆರಳು ಅಡ್ಡ ಬಂದದ್ದು, ಎಲ್ಲಾ ಇಟ್ಟ. ಇದ್ದದ್ದರಲ್ಲೇ ದೊಡ್ಡ ಗಾತ್ರ ಆರಿಸಿ ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು. ನೋಡುತ್ತಾ ನೋಡುತ್ತಾ ಗುರ್ಯಾ ಆ ಚಕ್ರದ ಗಾಡಿ ಹತ್ತಿ ಮೋಡದ ಊರಿಗೆ ಹೊರಟೇಬಿಟ್ಟ. ಸಂಜೆಯಾದರೂ ವಿಡಿಯೋ ಮಾತ್ರ ಹೊಸ್ತಿಲು ದಾಟಿರಲಿಲ್ಲ.

"ಅಯ್ಯ ಖೋಡಿ! ಅಷ್ಟು ಭಾರ ಯಾರು ಹೊರಬೇಕೋ? ಅಗಲ ಉದ್ದ ಹಂಗ ಇರಲಿ, ಭಾರ ಅಷ್ಟ ಇಳಸು ಅಂದಾನ ಫಕೀರಪ್ಪ!"

"ಆತವ್ವಾ, ಭಾರ ಇಳಸ್ತೀನಿ!"

ಮರುದಿನ ಬೆಳಿಗ್ಗೆ ದ್ಯಾಮವ್ವ ಎದ್ದು ಬಂದರೆ, ಮಗರಾಯ ಕೌದಿಯ ಮೂಲೆ ಬಿಚ್ಚಿ ಒಳಗಿನ ಹಳೆ ಸೀರೆ ಜಗ್ಗಿ ಜಗ್ಗಿ ತೆಗೆಯುತ್ತಿದ್ದ!

"ಅಗಲ ಹಂಗ ಐತಿ ನೋಡವ್ವಾ, ಭಾರ ಇಳೀಲಿಕ್ಕ ಹತ್ತೇತಿ!"

ದ್ಯಾಮವ್ವ ಹಣೆ ಹಣೆ ಬಡಿದುಕೊಂಡಳು. ಅಳುತ್ತಲೇ, ಬೆರಳಿನಿಂದ ತಡವಿ ತಡವಿ ಆ ಮೂಲೆ ತಿರುಗಿ ಹೊಲಿದಳು.

"ಅಯ್ಯ ಖೋಡಿ! ಅಸಲು ಎಂದೂ ಮುಟ್ಟಬಾರದೋ! ಅಸಲು ಜ್ವಾಕಿ ಇಡು. ನಕಲು ಮಾಡಿಕೊಂಡು ಅದನ್ನ ಹಗುರ ಮಾಡು. ಹೊರಗ ಕೊಡೂದು ನಕಲಷ್ಟ!"

"ಆತವ್ವಾ, ನಕಲಷ್ಟ ಕೊಡ್ತೀನಿ!"

ಈ ಸಲ ಸರಿಯಾಗಿಯೇ ಮಾಡಿದ. ವೆಬ್ಬಿನಲ್ಲಿ ಹೊಲಿಗೆ ಹೊಲಿಗೆಯೂ ಕಂಡಿತು! ತನ್ನ ಕೌದಿ ಗಾಳಿಯಲ್ಲಿ ತೇಲಿ ಹೋಗಿ, ಮಲಗಿದ ಊರುಗಳ ಮೇಲೆಲ್ಲ ಮೆಲ್ಲಗೆ ಇಳಿಯುತ್ತಿದೆ ಅಂತ ಗುರ್ಯಾನಿಗೆ ಅನ್ನಿಸಿತು. ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಅದನ್ನು ನೋಡಿ ಬಸ್ಸು ಹತ್ತಿ ಮನೆ ಹುಡುಕಿಕೊಂಡು ಬಂದಳು. ದ್ಯಾಮವ್ವನ ಹಿಗ್ಗು ಕೇಳಬೇಕೇ! ಚಹಾಕ್ಕೆ ಹಾಲು ತರಲು ಓಡಿದಳು.

ತಿರುಗಿ ಬಂದರೆ ಆಕೆ ಕೂತಿದ್ದ ಕಟ್ಟೆ ಖಾಲಿ, ಬಸ್ಸು ಹೋಗಿತ್ತು. ಗುರ್ಯಾ ಪೆಟ್ಟಿಗೆಯ ಮೇಲೆ ಕೂತು ಅರೆಗಣ್ಣು ಮುಚ್ಚಿ ನಗುತ್ತಿದ್ದ.

"ಕೌದಿ ಒಯ್ದಳೇನೋ?"

"ಕೇಳಿದ್ಳವ್ವಾ, ರೊಕ್ಕನೂ ಕೈಯಾಗ ಹಿಡಿದಿದ್ಳು. ಅಸಲು ಕೊಡ್ತೀನೇನು ನಾ? ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕೀನಿ! ಆಕಿ ಮೊಬೈಲಿಗೆ ನಕಲು ಹಾಕಿ ಕಳಿಸೀನಿ. ಒಂದು ಹೊಲಿಗಿ ಸೈತ ಮಸುಕಾಗಿಲ್ಲ. ರಾತ್ರಿ ಥಂಡಿ ಆದ್ರ ಹೊಚ್ಚಿಕೊಳ್ರಿ ಅಂತ ಹೇಳೀನಿ!"