ಮುಂಗುಸಿ ಕಲ್ಲಿಗೆ ಮೈ ಉಜ್ಜುವುದೇಕೆ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳು ತಮ್ಮ ತಮ್ಮ ಜಾಗ ನೋಡಿಕೊಂಡು ಕುಳಿತಿದ್ದವು. ಹೊಳೆಗಳು ಮಾತ್ರ ಇನ್ನೂ ಹಾದಿ ಹುಡುಕುತ್ತಿದ್ದವು. ಮನುಷ್ಯರಿಗೆ ಬಿತ್ತುವುದು ಬಂದಿತ್ತು, ಬೆಳೆಯುವುದು ಬಂದಿತ್ತು. ಪ್ರಾಣಿಗಳಿಗೆ ಮನುಷ್ಯರನ್ನು ಕಂಡರೆ ಓಡುವುದು ಇನ್ನೂ ಬಂದಿರಲಿಲ್ಲ.

ಆಗ ಮುಂಗುಸಿಗಳು ಮನೆಯೊಳಗೇ ಇದ್ದವು. ಈಗ ಒಲೆಯ ಪಕ್ಕ ಬೆಕ್ಕು ಮಲಗುತ್ತದಲ್ಲ, ಅಲ್ಲಿ ಮುಂಗುಸಿ ಮಲಗುತ್ತಿತ್ತು.

ಹೊಳೆಯ ದಂಡೆಯ ಮೇಲೆ, ಕರಿ ಮಣ್ಣಿನ ಬಯಲಿನಲ್ಲಿ ಒಂದು ಸಣ್ಣ ಊರಿತ್ತು. ಆ ಊರಿನ ಜೋಳವೆಲ್ಲ ಒಂದೇ ಹಗೇವಿನಲ್ಲಿತ್ತು. ಹಗೇವು ಎಂದರೆ ನೆಲದೊಳಗೆ ಆಳವಾಗಿ ತೋಡಿದ ಗುಂಡಿ. ಒಳಗೆ ಸುತ್ತಲೂ ಹುಲ್ಲು ಕಟ್ಟಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಂದಿನ ಬೆಳೆ ಕೈಗೆ ಬರುವ ತನಕ ಊರೆಲ್ಲ ಅದರಲ್ಲಿಯೇ ಉಣ್ಣಬೇಕು.

ಹಗೇವು ಇದ್ದದ್ದು ಬಾಳವ್ವನ ಅಂಗಳದಲ್ಲಿ. ಬಾಳವ್ವ ಒಬ್ಬಳೇ ಇದ್ದಳು. ಹಗೇವು ಕಾಯುವುದು ಅವಳ ಕೆಲಸ.

ಒಂದು ಮಳೆಗಾಲದಲ್ಲಿ ಹೊಳೆಯ ದಂಡೆ ಕುಸಿದು ಮುಂಗುಸಿಯ ಬಿಲವೊಂದು ಮುಚ್ಚಿಹೋಯಿತು. ಬಾಳವ್ವ ಮಣ್ಣು ಕೆದರಿ ನೋಡಿದಳು. ತಾಯಿ ಸತ್ತಿತ್ತು. ಎರಡು ಗಂಡು ಮರಿಗಳು ಉಸಿರಾಡುತ್ತಿದ್ದವು. ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಆಡಿನ ಹಾಲಿನಲ್ಲಿ ಅರಿವೆ ಅದ್ದಿ ಬಾಯಿಗೆ ಹಿಂಡಿದಳು. ಕೆಂಪು ಬಣ್ಣದ್ದಕ್ಕೆ ಕೆಂಚ ಎಂದಳು, ಬೂದಿ ಬಣ್ಣದ್ದಕ್ಕೆ ಬೂದ ಎಂದಳು.

ಕೆಂಚ, ಬೂದ ಒಂದೇ ಬುಟ್ಟಿಯಲ್ಲಿ ಮಲಗಿದರು, ಒಂದೇ ಬಟ್ಟಲಲ್ಲಿ ಉಂಡರು. ದೊಡ್ಡವರಾದ ಮೇಲೆ ಒಟ್ಟಿಗೇ ಹಗೇವು ಕಾದರು. ಇಲಿಯ ಬಿಲಕ್ಕೆ ಎರಡು ಬಾಯಿ ಇರುತ್ತವೆ. ಕೆಂಚ ಒಂದು ಬಾಯಿಯಲ್ಲಿ ನುಗ್ಗುತ್ತಿದ್ದ, ಬೂದ ಇನ್ನೊಂದು ಬಾಯಿಯಲ್ಲಿ ಕಾಯುತ್ತಿದ್ದ. ಇಬ್ಬರಿದ್ದರೆ ಇಲಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಆ ವರ್ಷ ಊರಿನ ಜೋಳಕ್ಕೆ ಒಂದು ಹಲ್ಲೂ ತಾಗಲಿಲ್ಲ.

ಮರುವರ್ಷ ಚಳಿ ಮುಗಿಯುತ್ತಿದ್ದಂತೆ ಹೊಳೆಯ ಆಚೆಯಿಂದ ಬೆಚ್ಚಗಿನ ಗಾಳಿಯೊಂದು ಬೀಸಿತು. ಅದು ಮುಂಗುಸಿಗಳು ಜೋಡಿ ಹುಡುಕುವ ಕಾಲ. ಆಚೆ ದಂಡೆಯಲ್ಲಿದ್ದ ಹೆಣ್ಣು ಮುಂಗುಸಿಗಳ ವಾಸನೆಯನ್ನು ಗಾಳಿ ಹೊತ್ತು ತಂದಿತ್ತು.

ಕೆಂಚ ತಲೆಯೆತ್ತಿ ಮೂಸಿದ. ಬೂದ ತಲೆಯೆತ್ತಿ ಮೂಸಿದ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಎಂದೂ ನೋಡದವರ ಹಾಗೆ.

ಮರುಕ್ಷಣ ಅಂಗಳದಲ್ಲಿ ಧೂಳೆದ್ದಿತು. ಬಾಳವ್ವ ಕೈಯಲ್ಲಿದ್ದ ಮೊರವನ್ನು ನಡುವೆ ತೂರಿಸಿ ಇಬ್ಬರನ್ನೂ ಬಿಡಿಸಿದಳು. ಬೂದನ ಕಿವಿ ಹರಿದಿತ್ತು. ಕೆಂಚನ ಮುಂಗಾಲಿನಿಂದ ರಕ್ತ ಸೋರುತ್ತಿತ್ತು.

"ಏನಾತೋ ನಿಮಗ?" ಎಂದಳು ಬಾಳವ್ವ.

"ಅವನ ಮೈ ಬ್ಯಾರೆ ವಾಸನಿ ಬರ್ತೈತಿ ಅವ್ವಾ. ಅವ ಹತ್ರ ಬಂದ್ರ ನನಗ ತಡಕೊಳ್ಳಾಕ ಆಗೂದಿಲ್ಲ" ಎಂದ ಕೆಂಚ.

"ವಾಸನಿ ನಂದಲ್ಲ, ಅವಂದು" ಎಂದ ಬೂದ.

ಬಾಳವ್ವ ಇಬ್ಬರನ್ನೂ ಮೂಸಿದಳು. ಇಬ್ಬರ ಮೈಯಿಂದಲೂ ಒಂದೇ ಖಾರ ವಾಸನೆ ಬರುತ್ತಿತ್ತು.

ಅವಳು ಕೆಂಚನನ್ನು ಪಡಸಾಲೆಯಲ್ಲಿಟ್ಟಳು, ಬೂದನನ್ನು ಹಿತ್ತಿಲ ಕೋಣೆಯಲ್ಲಿಟ್ಟಳು. ನಡುವೆ ಗೋಡೆ ಇತ್ತು. ಗೋಡೆಗೆ ಆ ಕಡೆಯಿಂದ ಒಬ್ಬ ಕೆದರಿದ, ಈ ಕಡೆಯಿಂದ ಒಬ್ಬ ಕೆದರಿದ. ಮಣ್ಣಿನ ಗೋಡೆ, ಮಧ್ಯಾಹ್ನದೊಳಗೆ ತೂತಾಯಿತು. ಮತ್ತೆ ಧೂಳೆದ್ದಿತು. ಮತ್ತೆ ಮೊರ ಬೇಕಾಯಿತು.

ಬಾಳವ್ವ ಗಾಳಿಯನ್ನು ಕೇಳಿದಳು. "ಯಪ್ಪಾ, ಸ್ವಲ್ಪ ದಿವಸ ನೀ ಈ ಕಡೆ ಬರಬ್ಯಾಡ. ನನ್ನ ಹುಡುಗರು ಒಬ್ಬರನ್ನೊಬ್ಬರು ಕೊಲ್ಲಾಕ ಹತ್ಯಾರ."

"ನಿಲ್ಲೂದು ನನಗ ಕಲಿಸಿಲ್ಲ ಬಾಳವ್ವಾ" ಎಂದಿತು ಗಾಳಿ. "ಹೂವಿನ ವಾಸನಿ ಕೊಟ್ರ ಅದನ್ನ ಒಯ್ತೀನಿ, ಹೊಗಿ ಕೊಟ್ರ ಹೊಗಿ ಒಯ್ತೀನಿ. ಈಗ ಇದನ್ನ ಕೊಟ್ಟಾರ, ಇದನ್ನ ತಂದೀನಿ."

ಹೀಗೆ ಹೇಳಿ ಗಾಳಿ ಕೊಯ್ದು ಒಟ್ಟಿದ್ದ ಜೋಳದ ದಂಟುಗಳನ್ನು ಅಲುಗಿಸಿಕೊಂಡು ಹೊರಟುಹೋಯಿತು.

ಬಾಳವ್ವ ಎರಡು ಗಟ್ಟಿ ಬುಟ್ಟಿ ತಂದು ಒಂದರಲ್ಲಿ ಕೆಂಚನನ್ನು, ಇನ್ನೊಂದರಲ್ಲಿ ಬೂದನನ್ನು ಹಾಕಿ, ಮೇಲೆ ಬೀಸುಕಲ್ಲು ಹೇರಿದಳು. ಜಗಳ ನಿಂತಿತು. ಊಟವೂ ನಿಂತಿತು. ಹುಟ್ಟಿದಂದಿನಿಂದ ಅವರು ಒಬ್ಬೊಬ್ಬರೇ ಮಲಗಿದವರಲ್ಲ. ಕೆಂಚ ಬುಟ್ಟಿಯೊಳಗೆ ಸುತ್ತುತ್ತಲೇ ಇದ್ದ. ಬೂದ ಮೂಲೆಗೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. ಮೊಟ್ಟೆ ಇಟ್ಟರೆ ಮೊಟ್ಟೆ ಹಾಗೇ ಇರುತ್ತಿತ್ತು.

ಅತ್ತ ಹಗೇವಿನ ಸುತ್ತ ಇಲಿಗಳು ಒಂದೊಂದಾಗಿ ಬಂದವು.

"ಕಾವಲಿನವರು ಎಲ್ಲದಾರ?" ಎಂದು ಒಂದು ಇಲಿ ಕೇಳಿತು.

"ಒಳಗ ಅದಾರ. ಅವರನ್ನ ಅವರ ಅವ್ವನೇ ಮುಚ್ಚಿಟ್ಟಾಳ" ಎಂದಿತು ಇನ್ನೊಂದು. ಎರಡೂ ಸೇರಿ ಹಗೇವಿಗೆ ತೂತು ಕೊರೆಯತೊಡಗಿದವು.

ಪಕ್ಕದ ಮನೆಯಲ್ಲಿ ಭರಮಪ್ಪ ಎಂಬ ಕುಂಬಾರನಿದ್ದ. ಅವನ ಮನೆಯಲ್ಲೂ ಒಂದು ಮುಂಗುಸಿ ಇತ್ತು, ಬಹಳ ಮುದಿಯದು. ಮೂತಿಯ ಕೂದಲು ಬೆಳ್ಳಗಾಗಿತ್ತು. ಮಡಕೆ ಸುಡುವ ಆವಿಗೆಯ ಬೆಚ್ಚಗಿನ ಬೂದಿಯಲ್ಲಿ ದಿನವೆಲ್ಲ ಮಲಗಿರುತ್ತಿತ್ತು. ಎಲ್ಲರೂ ಅದನ್ನು ಮುತ್ಯಾ, ಎಂದರೆ ಅಜ್ಜ, ಎಂದು ಕರೆಯುತ್ತಿದ್ದರು.

"ಬಾಳಕ್ಕಾ, ಮುತ್ಯಾನ್ನ ಒಯ್ಯಿ" ಎಂದ ಭರಮಪ್ಪ. "ಒಂಟಿ ಇದ್ದಾವ ಉಣ್ಣೂದಿಲ್ಲ. ಇವ ಜೋಡಿ ಇದ್ರ ಉಂಡಾನು."

"ಇವನ ಜೋಡೀನೂ ಜಗಳಾಡಿದ್ರ ಭರಮಣ್ಣಾ?"

ಬೂದಿಯಲ್ಲಿ ಮಲಗಿದ್ದ ಮುತ್ಯಾ ಒಂದು ಕಣ್ಣು ತೆರೆದು ಹೇಳಿತು, "ನನ್ನ ಕಾಲ ಮುಗದೈತಿ ತಂಗೀ. ಆ ಗಾಳಿ ಈಗ ನನ್ನ ಮೂಗಿನ ಮುಂದ ಹಾದು ಹೋಗ್ತೈತಿ, ಒಳಗ ಬರೂದಿಲ್ಲ. ನನ್ನ ಮ್ಯಾಲ ಯಾರಿಗೂ ಸಿಟ್ಟು ಬರೂದಿಲ್ಲ."

ಮುತ್ಯಾ ಬೂದನ ಬುಟ್ಟಿಗೆ ಹೋಯಿತು. ಬೂದ ಮೂಸಿ ನೋಡಿದ. ಸಿಟ್ಟು ಬರಲಿಲ್ಲ. ಮುತ್ಯಾ ಅವನ ಬೆನ್ನಿಗೆ ಬೆನ್ನು ಹಚ್ಚಿ ಮಲಗಿತು. ಸಂಜೆ ಬೂದ ಮೊಟ್ಟೆ ಉಂಡ.

ಬಾಳವ್ವನ ಮನಸ್ಸಿಗೆ ಸಮಾಧಾನವಾಯಿತು. ಆದರೆ ಮುತ್ಯಾ ಒಂದೇ, ಹುಡುಗರು ಇಬ್ಬರು. ಕೆಂಚ ಇನ್ನೂ ಉಪವಾಸವಿದ್ದ. ಮರುದಿನ ಬೆಳಿಗ್ಗೆ ಅವಳು ಮುತ್ಯಾನನ್ನು ಎತ್ತಿ ಕೆಂಚನ ಬುಟ್ಟಿಯಲ್ಲಿ ಬಿಟ್ಟಳು. ಮುತ್ಯಾ ಬೇಡವೆಂದು ಕಾಲು ಬಡಿಯಿತು. ಕೆಂಚನ ಹಸಿವಿನ ಚಿಂತೆಯಲ್ಲಿ ಅವಳು ಕಿವಿಗೊಡಲಿಲ್ಲ.

ಮುತ್ಯಾನ ಮೈತುಂಬ ಬೂದನ ವಾಸನೆ ಇತ್ತು.

ಕೆಂಚನಿಗೆ ಮುತ್ಯಾ ಕಾಣಲಿಲ್ಲ, ವಾಸನೆಯಷ್ಟೇ ಕಂಡಿತು. ಬಾಳವ್ವ ಕೈ ಹಾಕಿ ಬಿಡಿಸುವಷ್ಟರಲ್ಲಿ ಅವನ ಹಲ್ಲು ಮುದಿ ಮುಂಗುಸಿಯ ಹಿಂಗಾಲಿನಲ್ಲಿ ಇಳಿದಿತ್ತು. ಬಾಳವ್ವನ ಅಂಗೈಯೂ ಹರಿಯಿತು.

ಸಿಟ್ಟು ಇಳಿದ ಮೇಲೆ ಕೆಂಚ ನೋಡಿದ. ಮುತ್ಯಾನ ಕಾಲಿನ ಎಲುಬು ಮುರಿದಿತ್ತು.

"ನಾ ಮುತ್ಯಾನ್ನ ಕಡದೆ?" ಎಂದು ಕೇಳಿದ.

"ಹೌದಪ್ಪಾ, ಕಡದಿ" ಎಂದಳು ಬಾಳವ್ವ.

ಕೆಂಚ ಬುಟ್ಟಿಯ ತಳಕ್ಕೆ ಮೂತಿ ಒತ್ತಿಕೊಂಡು ಕುಳಿತ.

ಅದೇ ದಿನ ಊರವರು ಜೋಳ ತೆಗೆಯಲು ಹಗೇವಿನ ಬಾಯಿ ತೆರೆದರು. ಹೊಟ್ಟು ಮೇಲೆದ್ದು ಬಂತು. ಕೋಲು ಇಳಿಸಿ ನೋಡಿದರೆ ಕಾಳು ಅರ್ಧಕ್ಕಿಂತ ಕೆಳಗಿತ್ತು.

"ಬಾಳವ್ವಾ, ಇನ್ನೂ ಬ್ಯಾಸಗಿ ಪೂರಾ ಐತಿ. ಮಕ್ಕಳಿಗೆ ಏನ್ ಹಾಕೂಣು?" ಎಂದರು. ಆಮೇಲೆ ಬುಟ್ಟಿಗಳಲ್ಲಿ ಸಿಕ್ಕಷ್ಟು ಕಾಳು ತುಂಬಿಕೊಂಡು ಹೋದರು.

ಬಾಳವ್ವ ಮುತ್ಯಾನ ಕಾಲಿಗೆ ಅರಿಸಿನ ಮೆತ್ತಿ, ಬಿದಿರಿನ ಸೀಳು ಇಟ್ಟು ಕಟ್ಟಿದಳು.

"ಕೂಡಿಸಿ ಇಟ್ರ ಸಾಯ್ತಾರ. ಒಂಟಿ ಇಟ್ರ ಉಣ್ಣೂದಿಲ್ಲ. ಮುತ್ಯಾ, ನಾ ಏನ್ ಮಾಡ್ಲಿ?"

"ತಂಗೀ, ವಾಸನಿ ಕೆಟ್ಟದ್ದಲ್ಲ" ಎಂದಿತು ಮುತ್ಯಾ. "ಈ ಕಾಲದಾಗ ಅದು ಮುಳ್ಳಿನಂಗ ಚುಚ್ಚತೈತಿ. ಕಾಲ ಮುಗಿದ ಮ್ಯಾಲ ಅದೇ ವಾಸನಿ ಮೂಗಿಗೆ ಬಂದ್ರ, ನನ್ನ ತಮ್ಮ ಅದಾನ, ನನ್ನ ಅಣ್ಣ ಅದಾನ ಅಂತ ನಿದ್ದಿ ಬರ್ತೈತಿ. ನೀ ಅದನ್ನ ಮನ್ಯಾಗ ಮುಚ್ಚಿಟ್ಟಿ. ಮುಚ್ಚಿದ ಮನ್ಯಾಗ ಅದು ಎಲ್ಲಿಗೆ ಹೋಗಬೇಕು?"

"ಹಂಗಾದ್ರ?"

"ಬಾಗಲಾ ತಗಿ. ಇಬ್ಬರ ನಡಕ ಗ್ವಾಡಿ ಸಾಲೂದಿಲ್ಲ, ಬಯಲೇ ಬೇಕು. ವಾಸನಿ ಕಲ್ಲಿನ ಮ್ಯಾಲ ಇಟ್ಟು ಹೋಗಲಿ. ಕಲ್ಲು ಯಾರ ಬೆನ್ನೂ ಹತ್ತೂದಿಲ್ಲ. ಮೂಸಬೇಕು ಅನಸಿದಾಗ ಬಂದು ಮೂಸಲಿ, ಬ್ಯಾಡಾದ್ರ ದೂರಿಂದ ದಾಟಿ ಹೋಗಲಿ. ಜಗಳಿಲ್ಲ, ಒಂಟಿನೂ ಅಲ್ಲ."

ಬಾಳವ್ವ ಹೊರಗಿನ ಬಯಲು ನೋಡುತ್ತಾ ಕುಳಿತಳು. ಅವಳ ಕೈಯಿಂದಲೇ ಹಾಲು ಕುಡಿದ ಮರಿಗಳು. ಹೊರಗೆ ಹದ್ದು ಇತ್ತು, ನರಿ ಇತ್ತು, ಹಾವು ಇತ್ತು. ಆಮೇಲೆ ಎದ್ದು ಮೊದಲು ಕೆಂಚನ ಬುಟ್ಟಿಯನ್ನು ಹೊಳೆಯ ದಂಡೆಗೆ ಒಯ್ದು ಮುಚ್ಚಳ ತೆಗೆದಳು.

ಕೆಂಚ ಹೊರಗೆ ಬಂದು ಅವಳ ಹರಿದ ಅಂಗೈಯನ್ನು ನೆಕ್ಕಿದ.

"ಅವ್ವಾ, ನನ್ನ ಹೊರಗ ಹಾಕಿದೇನು?"

"ಹೊರಗ ಹಾಕಲಿಲ್ಲಪ್ಪಾ, ಬಿಟ್ಟೆ" ಎಂದಳು ಬಾಳವ್ವ.

ಕೆಂಚ ಹೊಳೆಯನ್ನು ಕೇಳಿದ, "ಎಲ್ಲಿ ದಾಟ್ಲಿ?"

"ಆ ಬಂಡೆಗೋಳ ಹತ್ರ ನಾ ಸಣ್ಣಗ ಅದೀನಿ. ಅಲ್ಲಿ ದಾಟು. ಕೆಳಗ ಬರಬ್ಯಾಡ, ಅಲ್ಲಿ ಆಳ ಐತಿ" ಎಂದಿತು ಹೊಳೆ. ಕೆಂಚ ಬಂಡೆಯಿಂದ ಬಂಡೆಗೆ ಹಾರಿ ಆಚೆ ದಂಡೆ ಸೇರಿದ.

ಬೂದನನ್ನು ಅವಳು ಈಚೆ ದಂಡೆಯ ಹೊಲದಲ್ಲಿ ಬಿಟ್ಟಳು. ಮುತ್ಯಾ ಕುಂಟುತ್ತಾ ಬೂದನ ಜೊತೆ ಹೊಲದ ಬದುವಿನ ತನಕ ಬಂತು. ಬದುವಿನಲ್ಲಿ ಒಂದು ಕರಿಕಲ್ಲು ಅರ್ಧ ಹೂತುಕೊಂಡಿತ್ತು. ಮುತ್ಯಾ ಅದಕ್ಕೆ ಕೆನ್ನೆ ಉಜ್ಜಿತು, ತಿರುಗಿ ಹಿಂಭಾಗವನ್ನೂ ಉಜ್ಜಿತು. ಬೂದ ನೋಡಿದ. ತಾನೂ ಹಾಗೆಯೇ ಮಾಡಿ ಬೇಲಿಯ ಗುಂಟ ಓಡಿಹೋದ. ಕೆಂಚನಿಗೆ ಇದನ್ನು ಯಾರು ಹೇಳಬೇಕು? ಮುತ್ಯಾ ಗಾಳಿಯನ್ನು ಕರೆದು ಹೇಳಿ ಕಳಿಸಿತು. ಒಯ್ಯುವುದೇ ಗಾಳಿಯ ಕೆಲಸ, ಅದು ಒಯ್ಯಿತು.

ಆ ಬೇಸಿಗೆಯಲ್ಲಿ ಊರವರು ಒಂದೇ ಹೊತ್ತು ಅಂಬಲಿ ಕುಡಿದರು. ಬಾಳವ್ವನನ್ನು ಯಾರೂ ಬಯ್ಯಲಿಲ್ಲ. ಹೆಚ್ಚು ಮಾತನ್ನೂ ಆಡಿಸಲಿಲ್ಲ. ಬೂದ ಹೊಲದಿಂದ ಹೊಲಕ್ಕೆ ತಿರುಗುತ್ತಾ ಇಲಿ ಹಿಡಿದ. ಬಯಲಿನ ಇಲಿಗಳು ಕಡಿಮೆಯಾದ ಮೇಲೆ ಹಗೇವಿಗೆ ಬರುವ ಇಲಿಗಳೂ ಕಡಿಮೆಯಾದವು. ಉಳಿದ ಜೋಳ ಉಳಿಯಿತು. ಊರಲ್ಲಿ ಯಾರೂ ಸಾಯಲಿಲ್ಲ.

ಮೊದಲ ಮಳೆ ಬೀಳುವ ಹೊತ್ತಿಗೆ ಗಾಳಿ ಬದಲಾಯಿತು. ಒಂದು ಮಧ್ಯಾಹ್ನ ಬಾಳವ್ವ ಹೊಲದಲ್ಲಿ ಕಸ ತೆಗೆಯುತ್ತಿದ್ದಾಗ ಕೆಂಚ ಹೊಳೆ ದಾಟಿ ಬರುವುದು ಕಂಡಿತು. ಅವನು ಬದುವಿನ ಕಲ್ಲಿನ ಹತ್ತಿರ ನಿಂತ. ಮೂಸಿದ. ಮತ್ತೆ ಮೂಸಿದ. ಮೊದಲು ಮುತ್ಯಾ ಸಿಕ್ಕಿತು, ಆಮೇಲೆ ಬೂದ ಸಿಕ್ಕಿದ. ಕೆಂಚ ಕಲ್ಲಿನ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಬೂದನೂ ಬಂದ. ದೂರದಲ್ಲಿ ನಿಂತು ನೋಡಿದ. ಬಾಳವ್ವ ಕುಡುಗೋಲು ಕೆಳಗಿಟ್ಟು ಎದ್ದು ನಿಂತಳು. ಕೈಯಲ್ಲಿ ಮೊರ ಇರಲಿಲ್ಲ.

ಬೂದ ಮೆಲ್ಲಗೆ ಬಂದು ಕೆಂಚನ ಕಿವಿಯ ಹಿಂದೆ ಮೂಸಿದ. ಜಗಳವಾಗಲಿಲ್ಲ. ಇಬ್ಬರೂ ಬಿಸಿಲು ಇಳಿಯುವ ತನಕ ಕಲ್ಲಿನ ಪಕ್ಕ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದರು.

"ಬರ್ರ್ಯೋ, ಇನ್ನ ಮನಿಗೆ ಹೋಗೂಣು" ಎಂದಳು ಬಾಳವ್ವ. "ಕಾಲ ಮುಗೀತಲ್ಲ."

ಬೂದ ಎದ್ದು ಮೈ ಕೊಡವಿದ. "ಮತ್ತ ಆ ಗಾಳಿ ಬರ್ತೈತಿ ಅವ್ವಾ" ಎಂದ.

ಬರುತ್ತದೆಂದು ಬಾಳವ್ವನಿಗೂ ಗೊತ್ತಿತ್ತು. ಅವಳು ಮತ್ತೆ ಕರೆಯಲಿಲ್ಲ. ಕೆಂಚ ಕಲ್ಲಿಗೆ ಮೈ ಉಜ್ಜಿ ಹೊಳೆಯ ಕಡೆ ಹೋದ. ಬೂದ ಮೈ ಉಜ್ಜಿ ಬೇಲಿಯ ಕಡೆ ಹೋದ. ಆ ಮೇಲೆ ಹುಟ್ಟಿದ ಮುಂಗುಸಿಗಳು ಯಾರ ಮನೆಯೊಳಗೂ ಮಲಗಲಿಲ್ಲ. ಮುತ್ಯಾ ಮಾತ್ರ ಕುಂಬಾರನ ಮನೆಗೆ ಮರಳದೆ ಕೊನೆಯವರೆಗೂ ಬಾಳವ್ವನ ಒಲೆಯ ಪಕ್ಕದಲ್ಲೇ ಇತ್ತು.

ಇವತ್ತಿಗೂ ನೀನು ಹೊಲದ ಹಾದಿಯಲ್ಲಿ ಹೋಗುವಾಗ ಮುಂಗುಸಿಯೊಂದು ಒಂಟಿಯಾಗಿ ಬೇಲಿಯ ಗುಂಟ ಓಡುತ್ತಾ, ನಡುವೆ ಯಾವುದೋ ಕಲ್ಲಿನ ಹತ್ತಿರ ನಿಂತು ಮೂಸಿ, ಮೈ ಉಜ್ಜಿ ಮುಂದೆ ಹೋಗುವುದು ಕಾಣುತ್ತದಲ್ಲ, ಅದು ತನ್ನವರು ಈ ಹಾದಿಯಲ್ಲಿ ಹೋಗಿದ್ದಾರೆಯೇ ಎಂದು ನೋಡಿ, ತಾನೂ ಬಂದಿದ್ದೆನೆಂದು ಹೇಳಿ ಹೋಗುತ್ತಿದೆ.